ಅಕಾಡೆಮಿ ಅಲ್ಲ, ಶಾಲೆ

"ಆ ಮಾತು ಈ ಚರ್ಚಿನೊಳಗೆ ಬೇಡ, ಪಾಸ್ಟ್ರೇ," ಎನ್ನುತ್ತ ಐಡೆಲ್ಲಾ ಕ್ರಂಪ್ ಎದ್ದು ನಿಂತಾಗ ಮೌಂಟ್ ನೆಬೋ ಚರ್ಚಿನ ಬೆಂಚುಗಳಲ್ಲಿ ಆಡುತ್ತಿದ್ದ ಬೀಸಣಿಗೆಗಳೆಲ್ಲ ನಿಂತವು.

ಭಾನುವಾರದ ಆರಾಧನೆ ಮುಗಿದು ಸದಸ್ಯರ ಸಭೆ ನಡೆಯುತ್ತಿತ್ತು. ಪಾಸ್ಟರ್ ಟಾಲ್ಬರ್ಟ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಮುಂದಿನ ಬೆಂಚಿನಲ್ಲಿ ವರ್ನೀಟಾ ಪೆಟವೇ ಕೈಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ತಲೆ ಎತ್ತದೆ ಕೂತಿದ್ದಳು. ಮಾತು ನಡೆಯುತ್ತಿದ್ದದ್ದು ಅವಳ ಮಗಳ ವಿಷಯ.

"ಯಾವ ಮಾತು ಬೇಡ ಅಂತೀರಮ್ಮ?"

"ಚರ್ಚ್ ಸ್ಕೂಲು ಅನ್ನೋದು. ನಮ್ಮ ಮಕ್ಕಳ ಪಕ್ಕ ತಮ್ಮ ಮಕ್ಕಳು ಕೂರಬಾರದು ಅಂತ ಬಿಳಿಯರು ರಾತ್ರೋರಾತ್ರಿ ಕಟ್ಟಿಕೊಂಡ್ರಲ್ಲ, ಆ ಗೂಡುಗಳಿಗೂ ಇಂಥದೇ ಹೆಸರು. ಕ್ರಿಶ್ಚಿಯನ್ ಅಕಾಡೆಮಿ. ದೇವರ ಹೆಸರು ಹೇಳ್ಕೊಂಡು ನಮ್ಮಿಂದ ಓಡಿಹೋದವರು ಅವರು. ಈಗ ನಾವೂ ಅದನ್ನೇ ಮಾಡೋದಾ?"

ಐಡೆಲ್ಲಾ ಹಾಗೆ ಕೇಳಿದರೆ ಉತ್ತರ ಕೊಡುವವರು ಹಾರ್ಲನ್ಸ್ ಫೆರಿಯಲ್ಲಿ ಯಾರೂ ಇರಲಿಲ್ಲ. ಅಲಬಾಮಾದ ಆ ಮೂಲೆಯಲ್ಲಿ ಬಿಳಿಯರ ಶಾಲೆಯ ಹೊಸ್ತಿಲು ಮೊದಲು ದಾಟಿದ ಕಪ್ಪು ಮಕ್ಕಳಲ್ಲಿ ಅವಳೂ ಒಬ್ಬಳು. ಆಗ ಹನ್ನೊಂದರ ಹುಡುಗಿ. ಅವಳ ಅಪ್ಪನಿಗೆ ಅದೇ ವಾರ ಮರದ ಕಾರ್ಖಾನೆಯ ಕೆಲಸ ಹೋಯಿತು. ಈಗ ಅಂಚೆ ಕಚೇರಿಯಿಂದ ನಿವೃತ್ತಳಾಗಿ, ಭಾನುವಾರದ ದೊಡ್ಡ ಹ್ಯಾಟು ತೊಟ್ಟು, ಚರ್ಚಿನ ಹಿರಿಯ ತಾಯಂದಿರ ಸಾಲಿನಲ್ಲಿ ಮೊದಲು ಕೂರುತ್ತಿದ್ದಳು.

ಪಾಸ್ಟರ್ ತಾಳ್ಮೆಯಿಂದಲೇ ಹೇಳಿದರು. "ಅಮ್ಮ, ಜೊನೆಲ್‌ಗೆ ಇರೋದು ರಕ್ತದ ಕಾಯಿಲೆ. ನೋವು ಬಂದ್ರೆ ವಾರಗಟ್ಟಲೆ ಏಳೋಕಾಗಲ್ಲ. ಡಾಕ್ಟ್ರ ಚೀಟಿಯನ್ನ ಶಾಲೆಯವರು ಒಂದಷ್ಟು ದಿನ ಒಪ್ಪಿಕೊಂಡ್ರು. ಆಮೇಲೆ ಮಗಳನ್ನ ಶಾಲೆಗೆ ಕಳಿಸ್ತಿಲ್ಲ ಅಂತ ತಾಯಿಗೆ ಕೋರ್ಟಿಂದ ಕರೆ ಬಂತು. ಕಾನೂನಲ್ಲಿ ಇರೋ ದಾರಿ ಮೂರು. ಖಾಸಗಿ ಶಾಲೆ ಅಂದ್ರೆ ಅಲ್ಲೂ ದಿನಾ ಹೋಗಲೇಬೇಕು. ಸರ್ಕಾರದ ಸರ್ಟಿಫಿಕೇಟ್ ಇರೋ ಟೀಚರ್ರನ್ನ ಮನೆಗೇ ಕರೆಸಬಹುದು, ಆದ್ರೆ ಅಂಥವರು ಈ ಕೌಂಟಿಯಲ್ಲಿ ಯಾರಿದ್ದಾರೆ? ಮೂರನೇದು ಇದು. ಚರ್ಚು ತನ್ನ ಹೆಸರಲ್ಲಿ ಒಂದು ಶಾಲೆ ಅಂತ ನಿಂತ್ಕೊಂಡ್ರೆ ಸಾಕು. ಕೊಡೆ ಹಿಡಿದ ಹಾಗೆ. ಆ ಕೊಡೆ ಕೆಳಗೆ ತಾಯಿ ಮನೇಲೇ ಪಾಠ ಹೇಳಬಹುದು."

"ಬೇರೆ ಚರ್ಚಿನ ಕೊಡೆ ಇಲ್ವಾ?"

"ಕೇಳಿದೆ ಅಮ್ಮ," ವರ್ನೀಟಾ ಮೊದಲ ಸಲ ಬಾಯಿ ಬಿಟ್ಟಳು. "ನಮ್ಮ ಸದಸ್ಯರಿಗೆ ಮಾತ್ರ ಅಂದ್ರು. ನಾನು ಈ ಚರ್ಚಲ್ಲಿ ದೀಕ್ಷಾಸ್ನಾನ ತಗೊಂಡವಳು. ಇನ್ನೆಲ್ಲಿಗೆ ಹೋಗಲಿ?"

ಐಡೆಲ್ಲಾ ಕೂತಳೇ ಹೊರತು ಒಪ್ಪಲಿಲ್ಲ. ಅವಳು ಕೈ ಎತ್ತದಿದ್ದರೆ ಯಾರೂ ಎತ್ತುವಂತಿರಲಿಲ್ಲ. ತೀರ್ಮಾನವನ್ನು ಬುಧವಾರದ ಪ್ರಾರ್ಥನಾ ಕೂಟಕ್ಕೆ ಬಿಟ್ಟರು.

ಮಂಗಳವಾರ ಬೆಳಗ್ಗೆ ಐಡೆಲ್ಲಾ ಒಂದು ಪಾತ್ರೆಯಲ್ಲಿ ಕೋಳಿ ಮತ್ತು ಹಿಟ್ಟಿನ ಕಡುಬಿನ ಸಾರು ಮಾಡಿಕೊಂಡು ವರ್ನೀಟಾಳ ಮನೆಗೆ ಹೋದಳು. ಬೇಡ ಎಂದವಳು ಎದುರಿಗೆ ಹೋಗಿ ಹೇಳಬೇಕು, ಹಿಂದಿನಿಂದಲ್ಲ ಎನ್ನುವುದು ಅವಳ ರೀತಿ. ವರ್ನೀಟಾ ಬಾಗಿಲು ತೆಗೆದು, ಪಾತ್ರೆ ನೋಡಿ, ಅವಳ ಮುಖ ನೋಡಿದಳು.

"ಒಳಗೆ ಬನ್ನಿ ಅನ್ನೋಕೆ ಮನಸ್ಸಿಲ್ಲ ಅಮ್ಮ. ಆದ್ರೂ ಬನ್ನಿ, ಸಾರು ಆರಿ ಹೋಗುತ್ತೆ."

"ನಿಮ್ಮಮ್ಮನ ನಾಲಿಗೆಯೇ ನಿನಗೂ ಬಂದಿದೆ," ಎಂದು ಐಡೆಲ್ಲಾ ಒಳಗೆ ಬಂದಳು.

ಕಿಟಕಿಯ ಬದಿಯ ಮಂಚದಲ್ಲಿ ಜೊನೆಲ್ ದಿಂಬಿಗೆ ಒರಗಿದ್ದಳು. ಹದಿಮೂರು ವರ್ಷ ತುಂಬಿದ್ದರೂ ಹತ್ತರ ಮಗುವಿನಷ್ಟು ಮೈ. ಮೊಣಕಾಲುಗಳಿಗೆ ಬಿಸಿನೀರಿನ ಚೀಲ ಕಟ್ಟಿತ್ತು. ಹೊದಿಕೆಯ ಮೇಲೆ ಪುಸ್ತಕಗಳು ಚೆಲ್ಲಾಡಿದ್ದವು.

"ನನ್ನ ಶಾಲೆ ಬೇಡ ಅಂದಿದ್ದು ನೀವೇನಾ, ಐಡೆಲ್ಲಜ್ಜಿ?"

"ಹೌದು, ನಾನೇ."

"ತಂದಿರೋದು ಕೋಳೀನಾ?"

"ಹೂಂ."

"ಹಾಗಾದ್ರೆ ಕೂತ್ಕೊಳ್ಳಿ."

ಅಡುಗೆಮನೆಯಿಂದ ವರ್ನೀಟಾ ನಕ್ಕ ಸದ್ದು ಬಂತು. ತಕ್ಷಣ ನಿಂತೂ ಹೋಯಿತು. ಐಡೆಲ್ಲಾ ಕುರ್ಚಿ ಎಳೆದುಕೊಂಡು, ತಾನೇಕೆ ಬೇಡ ಎಂದೆ ಎಂಬುದನ್ನು ಹುಡುಗಿಗೆ ದೊಡ್ಡವರಿಗೆ ಹೇಳುವ ಹಾಗೆಯೇ ಹೇಳಿದಳು. ದಾರಿಯುದ್ದಕ್ಕೂ ನಿಂತು ಕೂಗುತ್ತಿದ್ದವರು, ಊಟದ ಮೇಜಿಗೆ ಇವರು ಬಂದು ಕೂತರೆ ತಟ್ಟೆ ಎತ್ತಿಕೊಂಡು ಏಳುತ್ತಿದ್ದ ಮಕ್ಕಳು, ಮರುವರ್ಷ ಅರ್ಧ ಖಾಲಿಯಾಗಿದ್ದ ತರಗತಿ. ಈ ಕಥೆಯನ್ನು ಅವಳು ಚರ್ಚುಗಳಲ್ಲಿ, ಶಾಲೆಗಳಲ್ಲಿ, ಒಮ್ಮೆ ಟೀವಿಯವರ ಮುಂದೆಯೂ ಹೇಳಿದ್ದಳು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕೇಳುವವರ ಕಣ್ಣು ತುಂಬುತ್ತದೆ ಎಂಬುದೆಲ್ಲ ಗೊತ್ತಿತ್ತು.

ಜೊನೆಲ್ ಕಣ್ಣು ತುಂಬಿಕೊಳ್ಳಲಿಲ್ಲ. "ಅಲ್ಲಿ ಏನು ಕಲಿತ್ರಿ?" ಎಂದಳು.

"ಏನು ಅಂದ್ರೆ?"

"ಪಾಠ ಅಜ್ಜಿ. ಶಾಲೆ ಅಂದ್ಮೇಲೆ ಪಾಠ ಇತ್ತಲ್ಲ. ಯಾವುದು ಇಷ್ಟ ಆಗ್ತಿತ್ತು?"

ಇಷ್ಟು ವರ್ಷಗಳಲ್ಲಿ ಐಡೆಲ್ಲಾಳನ್ನು ಅಂದು ತೂರಿಬಂದ ಕಲ್ಲುಗಳ ಬಗ್ಗೆ ಕೇಳಿದವರಿದ್ದರು, ಪೊಲೀಸರ ಬಗ್ಗೆ ಕೇಳಿದವರಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಅವಳು ಕಿಟಕಿಯಾಚೆ ನೋಡಿದಳು. ಪೆಕಾನ್ ಮರದ ರೆಂಬೆ ಗಾಜಿಗೆ ತಾಗುತ್ತಿತ್ತು.

"ಎಲೆ," ಎಂದಳು ಕೊನೆಗೆ. "ವಿಜ್ಞಾನದ ಮೇಡಂ ಒಬ್ಬರು ಇದ್ರು. ನಮ್ಮ ಜೊತೆ ಮಾತಾಡ್ತಿರಲಿಲ್ಲ, ಬೈತಿರಲೂ ಇಲ್ಲ. ಮೊದಲನೇ ದಿನ ಮೈಕ್ರೋಸ್ಕೋಪಲ್ಲಿ ಎಲೆ ಇಟ್ಟಿದ್ರು. ಎಲ್ಲ ನೋಡಿ ಹೋದ ಮೇಲೆ ನಾನೊಬ್ಬಳೇ ಹೋಗಿ ಕಣ್ಣಿಟ್ಟೆ. ಎಲೆ ತುಂಬ ಬಾಯಿ, ಮಗು. ಸಣ್ಣ ಸಣ್ಣ ಬಾಯಿ. ತೆರ್ಕೊಂಡು ಉಸಿರಾಡ್ತಾ ಇರುತ್ತೆ. ಆವತ್ತು ಸಂಜೆ ಅಪ್ಪ, ಸಾಕು ಬಿಡು ಮಗಳೇ, ನಾಳೆ ಹೋಗಬೇಡ ಅಂದ್ರು. ನಾನು ಹೋಗ್ತೀನಿ ಅಂದೆ. ಎಲ್ಲರೂ ನನ್ನ ಧೈರ್ಯ ಅಂದ್ಕೊಂಡ್ರು. ನನಗೆ ಇನ್ನೊಂದು ಎಲೆ ನೋಡಬೇಕಿತ್ತು, ಅಷ್ಟೇ."

"ಆ ಬಾಯಿ ಯಾವಾಗ ಮುಚ್ಚ…" ಎಂದ ಜೊನೆಲ್ ಅಲ್ಲಿಗೇ ನಿಲ್ಲಿಸಿದಳು. ಹುಡುಗಿಯ ಮುಖ ಬಿಗಿಯಿತು. ಅವಳು ಚೀರಲಿಲ್ಲ, ಹಾಸಿಗೆಯ ಅಂಚನ್ನು ಹಿಡಿದುಕೊಂಡು, ತುಟಿ ಕಚ್ಚಿ, ಛಾವಣಿಯ ಒಂದೇ ಕಡೆ ನೋಡುತ್ತ ಮಲಗಿದಳು. ವರ್ನೀಟಾ ಓಡಿಬಂದು ಮಾತ್ರೆ ಕೊಟ್ಟು, ನೀರಿನ ಚೀಲ ಬದಲಾಯಿಸಿ, ತಲೆ ಸವರತೊಡಗಿದಳು. ಐಡೆಲ್ಲಾಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಮಗುವಿನ ಪಾದ ಕೈಗೆ ಸಿಕ್ಕಿತು. ಅದನ್ನೇ ಹಿಡಿದು ಕೂತಳು. ಒಲೆಯ ಮೇಲೆ ಬಿಸಿಗಿಟ್ಟ ಸಾರು ಕುದಿದು ಉಕ್ಕಿದರೂ ಯಾರೂ ಏಳಲಿಲ್ಲ.

ಬಹಳ ಹೊತ್ತಿನ ಮೇಲೆ ಹುಡುಗಿಯ ಬೆರಳುಗಳು ಸಡಿಲವಾದವು. ಕಣ್ಣು ಮುಚ್ಚಿಯೇ ಇತ್ತು. ನಿದ್ದೆ ಹೋದಳೆಂದುಕೊಂಡು ಐಡೆಲ್ಲಾ ಮೆಲ್ಲಗೆ ಏಳಹೊರಟಳು.

"ಯಾವಾಗ ಮುಚ್ಚುತ್ತೆ?" ಎಂದಳು ಜೊನೆಲ್.

ಐಡೆಲ್ಲಾ ಮತ್ತೆ ಕೂತಳು. "ನೀರು ಕಮ್ಮಿ ಆದಾಗ," ಎಂದು ಹೇಳತೊಡಗಿದಳು. ಅವಳು ಅಲ್ಲಿಂದ ಹೊರಟಾಗ ಮಧ್ಯಾಹ್ನ ಕಳೆದಿತ್ತು.

ಬುಧವಾರ ಪ್ರಾರ್ಥನೆ ಮುಗಿಯುತ್ತಿದ್ದಂತೆ ಅವಳೇ ಎದ್ದಳು. "ಐಡೆಲ್ಲಾ ಸೋತಳು ಅಂತ ಯಾರೂ ಹೋಗಿ ಹೇಳಬೇಡಿ. ಮೊನ್ನೆ ಹೇಳಿದ ಮಾತಲ್ಲಿ ಒಂದಕ್ಷರಾನೂ ನಾನು ವಾಪಸ್ ತಗೊಳ್ಳಲ್ಲ. ಅವರು ಓಡಿಹೋಗೋಕೆ ಶಾಲೆ ಕಟ್ಟಿದ್ರು. ನಾವು ಏಳಲಾರದ ಮಗು ಹತ್ರ ಶಾಲೇನ ತಗೊಂಡು ಹೋಗ್ತೀವಿ. ಅದರ ಬಾಗಿಲು ಯಾವ ಬಣ್ಣದ ಮಗು ಬಂದ್ರೂ ತೆಗೆದಿರಬೇಕು. ಅಕಾಡೆಮಿ ಅನ್ನೋ ಹೆಸರು ಇಡಕೂಡದು. ಮತ್ತೆ, ಪ್ರಿನ್ಸಿಪಾಲ್ ನಾನೇ."

ಹಿಂದಿನ ಬೆಂಚಿನಿಂದ ಚರ್ಚಿನ ಸಭಾಸೇವಕ ಡೀಕನ್ ಒರಿನ್ ಕೇಳಿದ, "ಸಂಬಳ ಏನಮ್ಮ, ಪ್ರಿನ್ಸಿಪಾಲರಿಗೆ?"

"ನಿನ್ನ ಬಾಯಿ ಮುಚ್ಚಿಸೋ ಅಧಿಕಾರ. ಅದು ಸಾಕು."

ಚರ್ಚೆಲ್ಲ ನಕ್ಕಿತು. ಕೈಗಳು ಒಟ್ಟಿಗೇ ಮೇಲೆದ್ದವು. ಒರಿನ್ ಎರಡು ಕೈಯನ್ನೂ ಎತ್ತಿದ. ವರ್ನೀಟಾ ಎದ್ದು ಬಂದು ಐಡೆಲ್ಲಾಳ ಮುಂದೆ ತಲೆ ಬಾಗಿಸಿ ನಿಂತಳು. "ನೆಟ್ಟಗೆ ನಿಂತ್ಕೊ," ಎಂದಳು ಐಡೆಲ್ಲಾ. "ಇವತ್ತಿಂದ ನೀನು ನನ್ನ ಶಾಲೆಯ ಟೀಚರು."

ಮರುದಿನ ಇಬ್ಬರೂ ಕೌಂಟಿಯ ಶಿಕ್ಷಣ ಕಚೇರಿಗೆ ಹೋದರು. ಬಿಳಿಯರದಾಗಿದ್ದ ಹಳೆಯ ಶಾಲೆ ಊರಾಚೆಗೆ ಹೋದ ಮೇಲೆ ಆ ಇಟ್ಟಿಗೆಯ ಕಟ್ಟಡಕ್ಕೆ ಕಚೇರಿ ಬಂದಿತ್ತು. ಐಡೆಲ್ಲಾ ಮೆಟ್ಟಿಲ ಕೆಳಗೆ ನಿಂತು ತಲೆ ಎತ್ತಿ ನೋಡಿದಳು. "ಇದೇನಾ ಅಮ್ಮ?" ಎಂದಳು ವರ್ನೀಟಾ. "ಇದೇ," ಎಂದು ಐಡೆಲ್ಲಾ ಹ್ಯಾಟು ಸರಿಮಾಡಿಕೊಂಡು ಹತ್ತಿದಳು.

ಒಳಗೆ ಕೆಂಪು ಕೂದಲಿನ ಗುಮಾಸ್ತೆ, ಇನ್ನೂ ಚಿಕ್ಕ ಹುಡುಗಿ, ಇಬ್ಬರಿಗೂ ಕುರ್ಚಿ ತೋರಿಸಿದಳು. ಐಡೆಲ್ಲಾ ಕೂರಲಿಲ್ಲ.

"ಶಾಲೆ ಹೆಸರು ಮ್ಯಾಮ್?"

"ಮೌಂಟ್ ನೆಬೋ ಚರ್ಚ್ ಶಾಲೆ."

"ಸಾಮಾನ್ಯವಾಗಿ ಎಲ್ಲರೂ ಅಕಾಡೆಮಿ ಅಂತ ಬರೆಸ್ತಾರೆ ಮ್ಯಾಮ್."

"ಗೊತ್ತು. ನೀನು ಶಾಲೆ ಅಂತಲೇ ಬರಿ."

"ಪ್ರಿನ್ಸಿಪಾಲರು?"

"ಐಡೆಲ್ಲಾ ರೂತ್ ಕ್ರಂಪ್," ಎಂದು ಅವಳು ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ ಹೇಳಿದಳು. "ಈ ಕಟ್ಟಡದ ಹಳೇ ವಿದ್ಯಾರ್ಥಿನಿ."

ಹುಡುಗಿ ಬರೆಯುವುದನ್ನು ನಿಲ್ಲಿಸಿ ಒಮ್ಮೆ ಅವಳನ್ನು ನೋಡಿದಳು. ಆಮೇಲೆ ಎದ್ದು ನಿಂತು, ನಿಂತೇ ಉಳಿದದ್ದನ್ನು ಬರೆದು ಮುದ್ರೆ ಒತ್ತಿದಳು.

"ಇಷ್ಟೇನಾ? ಒಪ್ಪಿಗೆ ಕೊಡೋರು ಯಾರು?"

"ನಮ್ಮ ಒಪ್ಪಿಗೆ ಬೇಕಿಲ್ಲ ಮ್ಯಾಮ್. ತಿಳಿಸಿದ್ರೆ ಸಾಕು. ಶಾಲೆ ನಿಮ್ಮದು."

ಐಡೆಲ್ಲಾ ಆಡಲೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಹಾಗೇ ಉಳಿದವು. ಹೊರಗೆ ಬಂದಾಗ ವರ್ನೀಟಾ ಮುದ್ರೆಯೊತ್ತಿದ ಪ್ರತಿ ಹಿಡಿದುಕೊಂಡು ಎದುರಿನ ಕೋರ್ಟಿಗೆ ಹೆಚ್ಚುಕಮ್ಮಿ ಓಡಿದಳು. ಐಡೆಲ್ಲಾ ಮೆಟ್ಟಿಲ ನಡುವೆ ನಿಂತಳು. ಅಂದು ಅಪ್ಪ ಹೇಳಿಕೊಟ್ಟಿದ್ದ: ಈ ಮೆಟ್ಟಿಲ ಮೇಲೆ ನಿಲ್ಲಬೇಡ, ಅತ್ತಿತ್ತ ನೋಡಬೇಡ, ಹೋಗುತ್ತಲೇ ಇರು. ಹಾಗೇ ಹತ್ತಿದ್ದಳು, ಹಾಗೇ ಇಳಿದಿದ್ದಳು, ಓದು ಮುಗಿಯುವವರೆಗೆ. ಈಗ ಕಂಬಿ ಹಿಡಿದು, ಮೊಣಕಾಲು ಮಡಿಸಿ, ಅಲ್ಲೇ ನಟ್ಟನಡುವೆ ಕೂತಳು. ಕಲ್ಲು ಬಿಸಿಲಿಗೆ ಬೆಚ್ಚಗಾಗಿತ್ತು.

ಟೈ ಕಟ್ಟಿದ ಗಂಡಸೊಬ್ಬ ಮೇಲೆ ಬರುತ್ತ ಬಾಗಿ ಕೇಳಿದ, "ಹುಷಾರಿಲ್ವಾ ಮ್ಯಾಮ್? ಏಳೋಕೆ ಕೈ ಕೊಡಲಾ?"

"ಚೆನ್ನಾಗಿದ್ದೀನಪ್ಪ. ಕೂತಿದ್ದೀನಿ."

ಅವನು ಪಕ್ಕದಿಂದ ಹೋದ. ಸ್ವಲ್ಪ ಹೊತ್ತಿಗೆ ವರ್ನೀಟಾ ರಸ್ತೆ ದಾಟಿ ಬಂದಳು. ಏದುಸಿರು ಬಿಡುತ್ತ, "ಇನ್ನು ಬರೋದು ಬೇಡ ಅಂದ್ರು ಅಮ್ಮ. ಕೇಸು ಮುಗೀತಂತೆ," ಎಂದಳು. ಐಡೆಲ್ಲಾ ತಲೆಯಾಡಿಸಿದಳು.

"ಏಳಿ, ಬಿಸಿಲು ಏರ್ತಿದೆ. ಮಗು ಕಾಯ್ತಿರುತ್ತೆ."

"ಒಂಚೂರು ಇರು."

ವರ್ನೀಟಾ ಲಂಗ ಸರಿಪಡಿಸಿಕೊಂಡು ಅವಳ ಪಕ್ಕದಲ್ಲಿ ಕೂತಳು. ಕಚೇರಿಗೆ ಹೋಗುವವರು, ಬರುವವರು, ಇಬ್ಬರು ಹೆಂಗಸರ ಆಚೆಗೊಂದು ಈಚೆಗೊಂದು ಸಾಲಾಗಿ ಬಳಸಿಕೊಂಡು ಹತ್ತುತ್ತ, ಇಳಿಯುತ್ತ ಇದ್ದರು.