ಸುನಿಲ್ಡಾಳ ಇನ್‌ಸ್ಟಾಲ್ ಹಬ್ಬ

ಎನ್‌ಕಾರ್ನಸಿಯೋನ್ ಊರಿನ ಆ ಕಾಲೇಜಿನ ಲೈಬ್ರರಿಯಲ್ಲಿ ಕಂಪ್ಯೂಟರುಗಳು ಬೇಸಿಗೆಯಿಂದಲೂ ಮುಸುಕು ಹೊದ್ದು ಕೂತಿದ್ದವು. ಸಾಫ್ಟ್‌ವೇರಿನ ಪರವಾನಗಿ ಮುಗಿದಿತ್ತು, ಹೊಸದಕ್ಕೆ ದುಡ್ಡಿರಲಿಲ್ಲ. ಮುಕ್ತ ಸಾಫ್ಟ್‌ವೇರ್ ಹಾಕೋಣ, ಅದು ಎಲ್ಲರ ಸ್ವತ್ತು ಎಂದು ಅಲ್ಲಿನ ವಿದ್ಯಾರ್ಥಿನಿ ಸುನಿಲ್ಡಾ, ಡೀನ್ ಎಲಿಹಿಯೊ ಅವರ ಬೆನ್ನು ಬಿದ್ದಿದ್ದಳು. ಕೊನೆಗೆ ಅವರು, "ಶನಿವಾರ ನಿಮ್ಮ ಹಬ್ಬಕ್ಕೆ ಬರ್ತೀನಮ್ಮ, ನೋಡಿ ಹೇಳ್ತೀನಿ" ಎಂದಿದ್ದರು.

ಹಬ್ಬವೆಂದರೆ, ಲ್ಯಾಪ್‌ಟಾಪ್ ತಂದವರಿಗೆಲ್ಲ ಮುಕ್ತ ಸಾಫ್ಟ್‌ವೇರ್ ಹಾಕಿಕೊಡುವುದು. ಹುಡುಗರು ಬಂದರು, ಚಿಪಾ ಎಂಬ ಬಿಸಿ ಗಿಣ್ಣಿನ ಬನ್ನು ತಿಂದರು, ಗುಂಪು ಕಟ್ಟಿಕೊಂಡು ಒಂದೇ ಲೋಟ, ಒಂದೇ ಕೊಳವೆಯನ್ನು ಕೈಯಿಂದ ಕೈಗೆ ದಾಟಿಸಿ ತೆರೆರೆ ಎಂಬ ತಣ್ಣನೆಯ ಸೊಪ್ಪಿನ ಪಾನಕ ಹೀರುತ್ತ ಕೂತರು.

"ಹಾಕಿಸ್ಕೊಳ್ರೋ, ಪುಕ್ಕಟೆ!"

"ನಮ್ಮದೂ ಪುಕ್ಕಟೆನೇ ಅಕ್ಕಾ. ಮಾಮನ ಮಗ ಕಳ್ಳ ಕಾಪಿ ಹಾಕ್ಕೊಟ್ಟಿದಾನೆ."

ಸುನಿಲ್ಡಾಳಿಗೆ ಮೈಯೆಲ್ಲ ಉರಿಯಿತು. ಒಂದೇ ಕೊಳವೆಗೆ ಊರೆಲ್ಲ ಬಾಯಿ ಹಚ್ಚುತ್ತದೆ, ಎಂಜಲೆಂದು ಯಾರೂ ಮೂಗು ಮುರಿಯುವುದಿಲ್ಲ. ಹಂಚಿಕೊಳ್ಳಲೆಂದೇ ಬರೆದ ಸಾಫ್ಟ್‌ವೇರ್ ಎಂದರೆ ಮಾತ್ರ ಈ ಮಹಾನುಭಾವರಿಗೆ ಮೈಲಿಗೆ!

ಡೀನ್ ಬಂದು ಮುಂದಿನ ಸಾಲಿನಲ್ಲಿ ಕೂತರು. ಭಾಷಣದ ಚಿತ್ರಗಳನ್ನು ಮಾಡಿದ್ದ ಗೆಳೆಯ ವಿಲ್ಫ್ರಿಡೊ ತನ್ನ ಲ್ಯಾಪ್‌ಟಾಪನ್ನೇ ಪ್ರೊಜೆಕ್ಟರಿಗೆ ಜೋಡಿಸಿದ. ಗೋಡೆಯ ಮೇಲೆ 'ಕದ್ದದ್ದು ಬೇಡ, ನಮ್ಮದೇ ಇದೆ' ಎಂದು ದೊಡ್ಡದಾಗಿ ಮೂಡಿತು. ಅದರ ನಟ್ಟನಡುವೆ ಇನ್ನೊಂದು ಚೌಕ ಹಾರಿ ಬಂತು: 'ನೀವು ಬಳಸುತ್ತಿರುವ ಪ್ರತಿ ಅಸಲಿಯಲ್ಲ.'

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು.

"ಏನೋ ಇದು?" ಸುನಿಲ್ಡಾ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಅಕ್ಷರ ಚೆನ್ನಾಗಿ ಬರ್ಲಿ ಅಂತ ಕಳ್ಳ ಕಾಪಿಯಲ್ಲೇ ಮಾಡ್ದೆ ಕಣೇ," ವಿಲ್ಫ್ರಿಡೊ ತಲೆ ಕೆರೆದುಕೊಂಡ. "ನಮ್ಮದು ಕಲಿಯೋಕೆ ಟೈಮೇ ಸಿಗ್ಲಿಲ್ಲ."

ಅವಳು ವೈರು ಕಿತ್ತು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಪತ್ರ ಬರೆದು ತೋರಿಸಿದಳು, ಲೆಕ್ಕ ಹಾಕಿ ತೋರಿಸಿದಳು, ಮುದ್ರಿಸಿ ಹಾಳೆಯನ್ನು ಎತ್ತಿ ಹಿಡಿದಳು. ಎಲ್ಲೂ ಎಡವಲಿಲ್ಲ. ಡೀನ್ ಆಗಾಗ ಬಗ್ಗಿ ವಿಲ್ಫ್ರಿಡೊನನ್ನು ಏನೋ ಕೇಳುತ್ತಿದ್ದರು. ಅದನ್ನು ಕಂಡು ಅವಳಿಗೆ ಜೀವ ಬಂದಂತಾಯಿತು. ಆಸಕ್ತಿಯಿಲ್ಲದೆ ಯಾರಾದರೂ ಅಷ್ಟೊಂದು ಕೇಳುತ್ತಾರೆಯೇ?

ಮುಗಿದ ಮೇಲೆ ಡೀನ್ ಎದ್ದು ಬಂದು ಅವಳ ತಲೆ ಸವರಿದರು.

"ಬಹಳ ಚೆನ್ನಾಗಿ ಹೇಳ್ದೆ ಕಣಮ್ಮ. ಸೋಮವಾರವೇ ಲೈಬ್ರರಿ ಕಂಪ್ಯೂಟರಿಗೆಲ್ಲ ಹಾಕಿಸಿಬಿಡ್ತೀನಿ."

"ನಿಜವಾಗ್ಲೂನಾ ಸರ್? ನಾನು ಬೆಳಿಗ್ಗೇನೇ ಬರ್ತೀನಿ!"

"ನಿಂಗ್ಯಾಕಮ್ಮ ತೊಂದ್ರೆ? ವಿಲ್ಫ್ರಿಡೊ ಹತ್ರ ಪುಕ್ಕಟೆ ಕಾಪಿ ಇದೆಯಲ್ಲ, ಅದೇ ಸಾಕು. ಹಳೇದೇ ಆದ್ರಿಂದ ಎಲ್ರಿಗೂ ಅಭ್ಯಾಸ ಇರತ್ತೆ. ಆ ಅಸಲಿಯಲ್ಲ ಅನ್ನೋ ಚೌಕ ಬರದ ಹಾಗೂ ಮಾಡ್ಕೊಡ್ತಾನಂತೆ."

ಸುನಿಲ್ಡಾ ತಿರುಗಿ ನೋಡಿದಳು.

"ಡೀನ್ ಕೇಳಿದ್ರೆ ಆಗಲ್ಲ ಅನ್ನೋದು ಹೇಗೆ ಹೇಳು?" ಎಂದ ವಿಲ್ಫ್ರಿಡೊ.