ಉಡಿಯಕ್ಕಿ

ರವೆ ಹುರಿಯುವ ಘಮ ಬಂದಾಗಲೇ ಸಹನಾಳಿಗೆ ಅನುಮಾನ ಶುರುವಾಯಿತು. ಭಾಗ್ಯನಗರದ ಈ ಮನೆಗೆ ಯಾರೇ ಬರಲಿ, ಮಂಡಾಳ, ಅಂದರೆ ಮಂಡಕ್ಕಿಯ ಒಗ್ಗರಣೆ, ಮೇಲೊಂದು ಮಿರ್ಚಿ, ಅಲ್ಲಿಗೆ ಮುಗಿಯಿತು. ಶಿರಾ ಮಾಡುವುದು ಹೆಣ್ಣು ನೋಡಲು ಬಂದವರಿಗೆ ಮಾತ್ರ. ಇವತ್ತು ಬರುವವರೋ ಗಂಗಾವತಿಯ ಬಾಟಲಿ ನೀರಿನ ಫ್ಯಾಕ್ಟರಿಯ ಮಾಲೀಕರು. ಅವರ ಲ್ಯಾಬಿಗೆ ಕೆಮಿಸ್ಟ್ ಬೇಕೆಂಬ ಜಾಹೀರಾತು ನೋಡಿ ಅರ್ಜಿ ಹಾಕಿದವಳು ಸಹನಾಳೇ.

"ಅವ್ವಾ, ಶಿರಾ ಯಾಕ? ಇದು ಕೆಲಸದ ಇಂಟರ್‌ವ್ಯೂ ಐತಿ."

"ಅವರು ಫೋನಿನ್ಯಾಗ ಏನಂದ್ರು? 'ಹುಡುಗೀನ್ನ ನೋಡಿಕೊಂಡು ಹೋಗ್ತೀವಿ' ಅಂದ್ರು. ನೋಡಾಕ ಬರೋರ ಮುಂದ ಮಂಡಾಳ ಇಡ್ಲೇನು?" ಯಮನೂರಮ್ಮ ಸೌಟು ನಿಲ್ಲಿಸಲಿಲ್ಲ. "ಆ ಹಸಿರು ಸೀರಿ ಉಟ್ಕೊ."

ಅವ್ವ ಒಳಗೊಳಗೇ ಏನೋ ಹೊಂದಿಸಿದ್ದಾಳೆ ಎಂದು ಸಹನಾಳಿಗೆ ಅನಿಸಿತು. ಬಸ್ ಡ್ರೈವರನಾದ ಅಪ್ಪ ರಜೆ ಹಾಕದೆ ಡ್ಯೂಟಿಗೆ ಹೋಗಿದ್ದ. ನಿಜಕ್ಕೂ ಹೆಣ್ಣು ನೋಡುವುದಾಗಿದ್ದರೆ ಅವನು ಮನೆಯಲ್ಲೇ ಇರುತ್ತಿದ್ದ. ಅದೊಂದೇ ಅವಳಿಗಿದ್ದ ಧೈರ್ಯ.

ಎಂ.ಎಸ್ಸಿ. ಮುಗಿದ ಮೇಲೆ ಅವಳು ಮೆಟ್ಟಿಲು ಹತ್ತದ ಆಫೀಸಿಲ್ಲ. ಉಕ್ಕಿನ ಕಾರ್ಖಾನೆಯಲ್ಲಿ, ಹುಡುಗಿಯರಿಗೆ ಶಿಫ್ಟ್ ಆಗುವುದಿಲ್ಲ ಎಂದರು. ಹೈದರಾಬಾದಿನ ಔಷಧ ಕಂಪನಿಗೆ ಅಪ್ಪ ಒಪ್ಪಲಿಲ್ಲ. ಕಾಲೇಜಿನವರು ಅನುಭವ ಕೇಳಿದರು. ಕೆಲಸವೇ ಕೊಡದೆ ಅನುಭವ ಎಲ್ಲಿಂದ ತರಬೇಕೆಂದು ಮಾತ್ರ ಹೇಳಲಿಲ್ಲ. ಓಣಿಯವರಿಗಂತೂ ಕೆಮಿಸ್ಟ್ರಿ ಎಂದರೆ ಔಷಧದ ಅಂಗಡಿ. ತಲೆ ನೋವಾದರೆ ಯಾವ ಗುಳಿಗೆ ನುಂಗಬೇಕೆಂದು ಅವಳನ್ನೇ ಕೇಳುತ್ತಿದ್ದರು. ಇದೂ ಕೈತಪ್ಪಿದರೆ ದೀಪಾವಳಿಯೊಳಗೆ ಮದುವೆ ಎಂದು ಅಪ್ಪ ಗೆರೆ ಎಳೆದಿದ್ದ. ಸಹನಾ ಹಲ್ಲು ಕಚ್ಚಿಕೊಂಡು ಸೀರೆ ಉಟ್ಟಳು.

ಮಾಲೀಕ ಗೋವಿಂದರಾಜರು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ಕೂತವರೇ ಫೈಲು ಕೇಳಿ, ಅಂಕಪಟ್ಟಿಗಳನ್ನು ಒಂದೊಂದಾಗಿ ನೋಡಿದರು. ಸಹನಾಳ ಜೀವ ಸ್ವಲ್ಪ ನಿರಾಳವಾಯಿತು.

"ನೀರಿನ ಗಡಸುತನ ಹೆಂಗ ತೆಗೀತೀಯವಾ?"

ಅವಳು ಉತ್ಸಾಹದಿಂದ ಶುರುಮಾಡಿದಳು. ಬಣ್ಣ ಕೆಂಪಿನಿಂದ ನೀಲಿಗೆ ತಿರುಗುವ ಹಂತಕ್ಕೆ ಬಂದಿದ್ದಳಷ್ಟೇ, ಗೋವಿಂದರಾಜರ ಹೆಂಡತಿ ನಡುವೆ ಬಾಯಿ ಹಾಕಿದರು.

"ರೊಟ್ಟಿ ಬಡೀತೀಯೇನು?"

"ಲ್ಯಾಬಿನ್ಯಾಗೇನ್ರಿ?"

ಗೋವಿಂದರಾಜರು ಹೊಟ್ಟೆ ಕುಣಿಸಿ ನಕ್ಕರು. "ಆಕಿ ಹಂಗ. ಎಲ್ಲಾರಿಗೂ ಕೇಳ್ತಾಳ. ಒಂದು ತಂಬಿಗಿ ನೀರು ತಾ ನೋಡೂಣು."

ನಡಿಗೆ ನೋಡುವ ಉಪಾಯವೇ ಇದು? ಸಹನಾ ಬೇಕೆಂದೇ ದಾಪುಗಾಲು ಹಾಕಿ ಹೋಗಿ ಬಂದಳು. ಅವರು ಕಾಲಿನ ಕಡೆ ನೋಡಲೇ ಇಲ್ಲ. ಒಂದು ಗುಟುಕು ಕುಡಿದು, "ಸವಳು ಅದಾವ ನೀರು" ಎಂದರು. ತಾನು ಸುಮ್ಮನೆ ಇಲ್ಲದ್ದೆಲ್ಲ ಊಹಿಸಿದೆ ಎಂದು ಅವಳಿಗೆ ನಾಚಿಕೆಯಾಯಿತು.

"ಫ್ಯಾಕ್ಟರಿ ನನ್ನ ಮಗ ಪ್ರವೀಣಕುಮಾರ ನೋಡ್ಕೊಂತಾನ. ಸ್ವಲ್ಪ ಸಿಟ್ಟಿನಾಂವ. ಅವನ ಕೂಡ ಹೊಂದಿಕೊಂಡು ಹೋಗಬೇಕಾಗ್ತೈತಿ."

"ಹೋಗ್ತೀನ್ರಿ ಸರ್."

"ಮುಗೀತು ಹಂಗಾರ. ನಮಗ ನೀ ಪಸಂದ ಬಂದಿ."

ಸಹನಾಳಿಗೆ ಕುಣಿಯಬೇಕೆನಿಸಿತು. ಅಷ್ಟರಲ್ಲಿ ಆ ಹೆಂಗಸು ಚೀಲದಿಂದ ಕುಬುಸದ ಕಣದ ಬಟ್ಟೆ, ತೆಂಗಿನಕಾಯಿ, ಎಲೆ ಅಡಿಕೆ ತೆಗೆದಿಟ್ಟು, ಎರಡೂ ಕೈ ತುಂಬ ಅಕ್ಕಿ ಹಿಡಿದು ಎದ್ದು ನಿಂತರು.

"ಸೆರಗ ಒಡ್ಡವಾ, ಉಡಿ ತುಂಬ್ತೀನಿ."

"ಇದು ಯಾವುದಕ್ಕರೀ?" ಹೆಣ್ಣು ನೋಡಲು ಬಂದವರು ಮಡಿಲು ತುಂಬಿದರೆ ಸಂಬಂಧ ಗಟ್ಟಿಯಾದಂತೆಯೇ ಎಂದು ಸಹನಾಳಿಗೆ ಗೊತ್ತಿತ್ತು. "ಕೆಲಸಕ್ಕೋ, ನಿಮ್ಮ ಮಗಗೋ?"

"ಎರಡಕ್ಕೂ ಅಂತ ತಿಳ್ಕೊ," ಎಂದರು ಗೋವಿಂದರಾಜರು. "ಕೆಮಿಸ್ಟ್ ಇಲ್ಲಂದ್ರ ಲೈಸೆನ್ಸ್ ಇಲ್ಲ. ಬಂದ ಹುಡುಗ್ಯಾರೆಲ್ಲ ವರ್ಷ ತುಂಬೂದ್ರಾಗ ಬಿಟ್ಟು ಹೋಗ್ಯಾರ. ಸೊಸಿ ಆದ್ರ ಎಲ್ಲಿ ಹೋಗ್ತಾಳ?"

"ಪಗಾರ?"

"ಮನಿ ಮಂದಿಗೆ ಯಾರರ ಪಗಾರ ಕೊಡ್ತಾರೇನವಾ!" ಹೆಂಗಸು ನಕ್ಕಾಗ ಬೆರಳ ಸಂದಿಯಿಂದ ನಾಲ್ಕು ಕಾಳು ಉದುರಿದವು.

ಸಹನಾ ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅವ್ವನ ಕಡೆ ನೋಡಿದಳು. ಒಡ್ಡು ಎನ್ನುತ್ತಾಳೆ, ಈಗ ಅಂದೇ ಬಿಡುತ್ತಾಳೆ. ಯಮನೂರಮ್ಮ ಎದ್ದು ಒಳಗೆ ಹೋದಳು. ಡಬ್ಬಿಯ ಮುಚ್ಚಳದ ಸಪ್ಪಳ ಕೇಳಿಸಿತು. ಹೊರಗೆ ಬಂದಾಗ ಅವಳ ಕೈಯಲ್ಲೂ ಅಕ್ಕಿ ತುಂಬಿದ ತಾಟು, ಮೇಲೊಂದು ಕಾಯಿ ಇತ್ತು.

"ನೀವು ಒಡ್ರಿ ಅಕ್ಕಾರ. ಮನಿಗೆ ಬಂದ ಮುತ್ತೈದೇರನ್ನ ಬರೇ ಉಡೀಲೆ ಕಳಸಬಾರದು."

ಉಡಿ ಬೇಡವೆನ್ನಲು ಯಾವ ಮುತ್ತೈದೆಗೂ ಬಾಯಿ ಬರುವುದಿಲ್ಲ. ಆ ಹೆಂಗಸು ತಮ್ಮ ಕೈಯ ಅಕ್ಕಿಯನ್ನು ಟೀಪಾಯಿಯ ಮೇಲೆ ಸುರಿದು, ಮುಖ ಕೆಂಪಗೆ ಮಾಡಿಕೊಂಡು ಸೆರಗು ಒಡ್ಡಿದರು. ಯಮನೂರಮ್ಮ ಕುಂಕುಮ ಹಚ್ಚಿ, ಉಡಿ ತುಂಬಿ, ನಮಸ್ಕಾರ ಮಾಡಿದಳು. ಉಡಿ ತುಂಬಿದರೆಂದರೆ ಹೊರಡುವ ಹೊತ್ತಾಯಿತೆಂದೇ ಲೆಕ್ಕ. ಗೋವಿಂದರಾಜರು ಕಣವನ್ನೂ ಕಾಯಿಯನ್ನೂ ಚೀಲಕ್ಕೆ ತುರುಕಿ ಎದ್ದರು. ಶಿರಾ ಯಾರೂ ಮುಟ್ಟಿರಲಿಲ್ಲ.

ಕಾರು ಓಣಿ ದಾಟಿದ ಮೇಲೆ ಯಮನೂರಮ್ಮ ಮಗಳ ಪಕ್ಕ ಕೂತು ಶಿರಾದ ತಟ್ಟೆ ಎಳೆದುಕೊಂಡಳು.

"ಮತ್ತ ಎಲ್ಲೆರ ಅರ್ಜಿ ಹಾಕೀಯೇನು?"

"ಹೊಸಪೇಟ್ಯಾಗ ಒಂದೈತಿ. ಆದ್ರ ಅಪ್ಪ..."

"ಅಪ್ಪಗ ನಾ ಹೇಳ್ತೀನಿ. ಆ ಹೊಸಪೇಟಿಯವರ ಫೋನ್ ಬಂದ್ರ ನನ್ನ ಕೈಯಾಗ ಕೊಡು. ಏನು ನೋಡಾಕ ಬರ್ತೀರಿ ಅಂತ ಮೊದಲು ಕೇಳ್ತೀನಿ."

ಸಹನಾ ಫೈಲಿನ ಮೇಲೆ ಬಿದ್ದ ಕಾಳುಗಳನ್ನು ಕೊಡವಿದಳು. ಆಮೇಲೆ ಟೀಪಾಯಿಯ ಅಕ್ಕಿಯನ್ನೆಲ್ಲ ಬಳಿದು ಅಂಗಳಕ್ಕೆ ಒಯ್ದು ಚೆಲ್ಲಿದಳು. ಪಕ್ಕದ ಮನೆಯ ಕೋಳಿಗಳು ಸ್ವಲ್ಪ ಹೊತ್ತು ದೂರವೇ ನಿಂತು, ಅವಳು ಒಳಗೆ ಹೋದ ಮೇಲೆ ಬಂದವು.