ಬಸ್ಸಿಗೆ ಒಂದು ದಿನ, ಉಪವಾಸಕ್ಕೆ ಒಂದು ದಿನ

ಮಡಂತ್ಯಾರಿನ ಪ್ರಭಾವತಿಯಮ್ಮ ಹೆದರುವ ಹೆಂಗಸಲ್ಲ. ಅಂಗಳಕ್ಕೆ ಹಾವು ಬಂದರೂ "ಹೋಗು ಮಾರಾಯ, ನಿನ್ನ ದಾರಿ ಆಚೆ" ಎಂದು ಬೇಲಿ ತೋರಿಸುವವರು. ಆದರೆ ಬಸ್ಸಿನ ಹಾರನ್ ಕೇಳಿದರೆ ಸಾಕು, ಅವರ ಹೊಟ್ಟೆ ತೊಳಸುತ್ತದೆ.

ಮೂರು ತಿಂಗಳ ಹಿಂದೆ ಮೂಡಬಿದ್ರೆಯಲ್ಲಿ ಮಗಳು ಪದ್ಮಲತಾಳ ಸೀಮಂತ. ಹೊರಟ ಪ್ರಭಾವತಿಯಮ್ಮನಿಗೆ ವೇಣೂರಿನಲ್ಲಿ ವಾಂತಿಯಾಗಿ, ಕಣ್ಣು ಕತ್ತಲೆ ಬಂತು. ಯಾರದೋ ಅಂಗಡಿಯ ಜಗಲಿಯಲ್ಲಿ ಮಲಗಿ, ಅಲ್ಲಿಂದಲೇ ಮನೆಗೆ ತಿರುಗಿದರು. ಅಮ್ಮನಿಲ್ಲದೆ ಸೀಮಂತ ಮುಗಿಯಿತು.

ಈಗ ಮಗಳ ಕಾರ್ಡು ಬಂದಿತ್ತು. "ಅಮ್ಮ, ನಾನು ಬಸ್ಸು ಹತ್ತಬಾರದಂತೆ, ಡಾಕ್ಟರರು ಹೇಳಿದ್ದಾರೆ. ಹೆರಿಗೆ ಇಲ್ಲಿಯೇ. ಈ ಸಲವಾದರೂ ನೀನು ಬಾ."

ಪಕ್ಕದ ಮನೆಯ ಸಫಿಯಮ್ಮ ಬೇಲಿಯಾಚೆಯಿಂದ ಕೇಳಿದರು. "ಯಾವಾಗ ಹೊರಡುವುದು ಅಕ್ಕ?"

"ಚತುರ್ದಶಿಗೆ. ಹೇಗೂ ಅಂದು ನಮ್ಮ ಜೈನರ ಉಪವಾಸ, ನಾನು ನೀರೂ ಮುಟ್ಟುವುದಿಲ್ಲ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ವಾಂತಿ ಎಲ್ಲಿಂದ ಬರಬೇಕು? ಪುಣ್ಯವೂ ಬಂತು, ಪ್ರಯಾಣವೂ ಆಯಿತು."

"ಕಳೆದ ಸಲವೂ ಚತುರ್ದಶಿಯೇ ಅಲ್ಲವಾ?"

"ಅಲ್ಲ," ಪ್ರಭಾವತಿಯಮ್ಮನ ಸ್ವರ ಸಣ್ಣದಾಯಿತು. "ಅಷ್ಟಮಿ."

"ಅಂತೂ ಉಪವಾಸವೇ!" ಸಫಿಯಮ್ಮ ನಕ್ಕರು. "ಬರಿ ಹೊಟ್ಟೆಗೇ ಹೆಚ್ಚು ತೊಳಸುವುದು ಮಾರಾಯ್ತಿ. ನೀರೂ ಇಲ್ಲದಿದ್ದರೆ ತಲೆ ತಿರುಗದೆ ಇನ್ನೆಂತ ಆಗ್ತದೆ? ನಾನೂ ವಿಟ್ಲದ ತವರಿಗೆ ಹೋಗುವಾಗ ತಿರುವಿಗೊಂದು ಸಲ ಕಕ್ಕುತ್ತಿದ್ದವಳೇ. ಮಂಗಳೂರಿನ ನರ್ಸಮ್ಮ ಹೇಳಿಕೊಟ್ಟ ಮೇಲೆ ಸುಮಾರು ಕಡಿಮೆಯಾಯಿತು."

"ಹಾಗಾದರೆ ವ್ರತ ಬಿಡಬೇಕಾ?"

"ನಾನ್ಯಾಕೆ ಹಾಗೆ ಹೇಳಲಿ? ನಮಗೂ ರಂಜಾನಿನ ಉಪವಾಸ ಉಂಟು. ದೂರದ ಪ್ರಯಾಣ ಬಂದರೆ ಆ ದಿನ ಬಿಟ್ಟು, ಆಮೇಲೆ ಹಿಡಿದು ತೀರಿಸಲಿಕ್ಕಾಗ್ತದೆ. ನೀವು ಬಿಡುವುದೂ ಬೇಡ. ಬಸ್ಸಿಗೆ ಒಂದು ದಿನ ಇಡಿ, ಉಪವಾಸಕ್ಕೆ ಒಂದು ದಿನ ಇಡಿ. ತ್ರಯೋದಶಿಗೇ ಹೊರಡಿ."

ಮತ್ತೆ ಸಫಿಯಮ್ಮನ ಮಾತು ನಿಲ್ಲಲಿಲ್ಲ. ಬೆಳಿಗ್ಗೆ ಎಣ್ಣೆಯದ್ದು ಬೇಡ, ಎರಡು ಇಡ್ಲಿ ಸಾಕು. ನೀರು ಸೋಸಿದರೆ ಸಾಲದು, ಕುದಿಸಿ ಆರಿಸಿ ಬಾಟ್ಲಿಯಲ್ಲಿ ತುಂಬಿಸಬೇಕು, ಗುಟುಕು ಗುಟುಕಾಗಿ ಕುಡಿಯಬೇಕು. ಬಾಟ್ಲಿ ಟ್ರಂಕಿನೊಳಗೆ ಹೋದರೆ ಬಸ್ಸಿನ ತಲೆಯ ಮೇಲೆ ಹೋದಂತೆಯೇ, ಕೈಚೀಲದಲ್ಲೇ ಇರಬೇಕು. ಮುಂದಿನ ಸೀಟು, ಕಿಟಕಿಯ ಗಾಳಿ, ಕಣ್ಣು ದೂರದ ರಸ್ತೆಯ ಮೇಲೆ.

"ಸೆರಗು ಹೊದ್ದು ಕಣ್ಣು ಮುಚ್ಚಿ ಕೂರಬೇಡಿ. ಇಷ್ಟು ಮಾಡಿಯೂ ಬಂದರೆ ಬರಲಿ, ಇದು ಉಂಟಲ್ಲ," ಎಂದು ಅಡಿಕೆ ಹಾಳೆಯ ಎರಡು ದೊನ್ನೆಗಳನ್ನು ಬೇಲಿಯ ಮೇಲಿಂದ ಕೊಟ್ಟರು.

"ಮುಂದಿನ ಸೀಟು ಸಿಗದಿದ್ದರೆ?"

"ಬಾಯಿ ಉಂಟಲ್ಲ ಅಕ್ಕ! ಕೇಳಿ."

ತ್ರಯೋದಶಿಯ ಬೆಳಿಗ್ಗೆ ಗುರುವಾಯನಕೆರೆಯವರೆಗೆ ಏನೂ ಆಗಲಿಲ್ಲ. ಅಲ್ಲಿ ಮೂಡಬಿದ್ರೆಯ ಬಸ್ಸು ಹತ್ತಿದರೆ, ಖಾಲಿ ಇದ್ದದ್ದು ಚಕ್ರದ ಮೇಲಿನ ಹಿಂದಿನ ಸೀಟು ಒಂದೇ.

"ಹಿಂದೆ ಹೋಗಿ ಅಮ್ಮ, ಹಿಂದೆ!" ಕಂಡಕ್ಟರ್ ಗುರುವಪ್ಪ ಕೂಗಿದ.

ಪ್ರಭಾವತಿಯಮ್ಮ ಕದಲಲಿಲ್ಲ. ಪರರ ಹತ್ತಿರ ಒಂದು ಲೋಟ ನೀರನ್ನೂ ಕೇಳಿದವರಲ್ಲ ಅವರು. ಆದರೂ ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು. "ನನಗೆ ಬಸ್ಸಿನಲ್ಲಿ ವಾಂತಿ ಬರ್ತದೆ. ಮಗಳ ಹೆರಿಗೆಗೆ ಹೋಗಲೇಬೇಕು. ಮುಂದೆ ಕಿಟಕಿಯ ಹತ್ತಿರ ಜಾಗ ಕೊಡಿಸಿ."

ಮಾತು ಮುಗಿಯುವ ಮೊದಲೇ ಮುಂದಿನ ಸೀಟಿನವರೊಬ್ಬರು ಎದ್ದರು. "ಬನ್ನಿ ಅಮ್ಮ, ಬನ್ನಿ! ನನ್ನ ಅಂಗಿ ಇಸ್ತ್ರಿಯಾದದ್ದು ಇವತ್ತು ಬೆಳಿಗ್ಗೆ!"

ಬಸ್ಸೆಲ್ಲ ನಕ್ಕಿತು. ಪ್ರಭಾವತಿಯಮ್ಮನೂ ನಕ್ಕರು.

ವೇಣೂರು ಹತ್ತಿರವಾಗುತ್ತಿದ್ದಂತೆ ಹೊಟ್ಟೆ ತೊಳಸಿ ಬಂತು. ದೊನ್ನೆ ಕೈಯಲ್ಲೇ ಇತ್ತು. ಸ್ವಲ್ಪ ವಾಂತಿಯಾಯಿತು, ಅಷ್ಟೆ. ಯಾರ ಅಂಗಿಯೂ ಕೆಡಲಿಲ್ಲ. ಬಸ್ಸು ನಿಂತಾಗ ಇಳಿದು, ದೊನ್ನೆಯನ್ನು ದೂರದ ಹೊಂಡಕ್ಕೆ ಹಾಕಿ ಮಣ್ಣು ಮುಚ್ಚಿ, ಬಾಯಿ ತೊಳೆದು, ಒಂದು ಗುಟುಕು ನೀರು ಕುಡಿದರು. ಎದುರಿಗೆ ಅದೇ ಅಂಗಡಿ, ಅದೇ ಜಗಲಿ. ರಸ್ತೆಯ ಆಚೆ ಗುರುವಾಯನಕೆರೆಗೆ ಹಿಂದಿರುಗುವ ಬಸ್ಸು ಹೊರಡಲು ನಿಂತಿತ್ತು.

"ಆಗ್ತದಾ ಅಮ್ಮ? ಆ ಬಸ್ಸು ನಿಲ್ಲಿಸಲಿಕ್ಕೆ ಹೇಳಬೇಕಾ?" ಗುರುವಪ್ಪ ಕೇಳಿದ.

ಅವರು ಜಗಲಿಯನ್ನೊಮ್ಮೆ ನೋಡಿದರು. "ಅದು ಹೋಗಲಿ. ನಿನ್ನ ಬಸ್ಸು ಬಿಡು," ಎಂದು ಹತ್ತಿ ಕುಳಿತು, ಕಣ್ಣನ್ನು ರಸ್ತೆಯ ತುದಿಗೆ ನೆಟ್ಟರು.

ಮೂಡಬಿದ್ರೆಯ ಮನೆಯ ಬಾಗಿಲಲ್ಲಿ ಪದ್ಮಲತಾ ನಿಂತಿದ್ದಳು. "ಅಮ್ಮ! ವಾಂತಿ ಆಗಲಿಲ್ಲವಾ?"

"ಆಯಿತು ಮಗಾ. ಆದರೂ ಬಂದೆ."

ಮರುದಿನ ಚತುರ್ದಶಿ. ಬೆಳಿಗ್ಗೆ ಬಸದಿಗೆ ಹೋಗಿ ಬಂದರು, ಉಪವಾಸ ಹಿಡಿದರು. ಮಧ್ಯಾಹ್ನ ಮಗಳು ಅಮ್ಮನ ಕೈಯನ್ನೇ ಬಿಗಿಯಾಗಿ ಹಿಡಿದು ಹೆತ್ತಳು. ಅವರು ಮೊದಲು ಎಣಿಸಿದಂತೆ ಅಂದೇ ಹೊರಟಿದ್ದರೆ, ಆ ಹೊತ್ತಿಗೆ ಯಾವ ಜಗಲಿಯಲ್ಲಿರುತ್ತಿದ್ದರೋ! ಸಂಜೆ ಅಳಿಯನಿಂದ ಸಫಿಯಮ್ಮನಿಗೆ ಕಾರ್ಡು ಬರೆಸಿದರು: "ಹೆಣ್ಣು ಮಗು. ಒಂದು ದೊನ್ನೆ ಉಳಿದಿದೆ."

ಅಕ್ಕಂದಿರೇ, ಬಸ್ಸಿನಲ್ಲಿ ಹೊಟ್ಟೆ ತೊಳಸುವುದು ಪಾಪವಲ್ಲ, ಅವಮಾನವೂ ಅಲ್ಲ. ಬರಿ ಹೊಟ್ಟೆಯಲ್ಲಿ ಹೊರಡಬೇಡಿ. ಕುದಿಸಿ ಆರಿಸಿದ ನೀರು ಕೈಯಲ್ಲಿರಲಿ. ಮುಂದಿನ ಸೀಟನ್ನು ಬಾಯಿಬಿಟ್ಟು ಕೇಳಿ. ವಾಂತಿ ನಿಲ್ಲದಿದ್ದರೆ ಡಾಕ್ಟರರಿಗೆ ತೋರಿಸಿ. ಮುಂದೆ ಕುಳಿತ ಅಣ್ಣಂದಿರೇ, ಯಾರಾದರೂ ಹಾಗೆ ಕೇಳಿದರೆ ಏಳಿ, ನಿಮ್ಮ ಇಸ್ತ್ರಿಯ ಅಂಗಿ ಉಳಿಯಲಿಕ್ಕಾದರೂ ಏಳಿ. ಆಚೆ ಊರಿನ ಬಾಗಿಲಲ್ಲಿ ಯಾರೋ ದಾರಿ ಕಾಯುತ್ತಿದ್ದಾರೆ. ತಿಂದು ಹೊರಡಿ.